ಶ್ರಾವಕನ ವ್ರತ ಮತ್ತು ಹೊಲದ ಬದು

ಕರ್ಮಭೂಮಿಯ ಆರಂಭಕಾಲದಲ್ಲಿ ಕಲ್ಪವೃಕ್ಷಗಳು ಕಣ್ಮರೆಯಾಗಿ ಪ್ರಜೆಗಳು ಹಸಿವಿನಿಂದ ಕಂಗೆಟ್ಟಾಗ, ಭಗವಾನ್ ಆದಿನಾಥರು ಅಸಿ, ಮಷಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಬೋಧಿಸಿದರೆಂದು ಪುರಾಣಗಳು ಸಾರುತ್ತವೆ. ಆಚಾರ್ಯ ಜಿನಸೇನರು ಸಂಸ್ಕೃತದಲ್ಲಿ ರಚಿಸಿದ ಆದಿಪುರಾಣವೂ, ಹತ್ತನೆಯ ಶತಮಾನದಲ್ಲಿ ಮಹಾಕವಿ ಪಂಪನು ಕನ್ನಡಕ್ಕೆ ಇತ್ತ ಆದಿಪುರಾಣವೂ ಈ ಮಹಾಪುರುಷನ ಚರಿತೆಯನ್ನೇ ವರ್ಣಿಸುತ್ತವೆ. ಹೀಗೆ ಕೃಷಿಯು ಪ್ರಥಮ ತೀರ್ಥಂಕರರ ಉಪದೇಶದಿಂದಲೇ ಲೋಕಕ್ಕೆ ಬಂದ ವಿದ್ಯೆ. ಕೊಲ್ಲಾಪುರ, ಸಾಂಗಲಿ, ಬೆಳಗಾವಿ ಸೀಮೆಯ ದಿಗಂಬರ ಜೈನ ಕುಟುಂಬಗಳಲ್ಲಿ ಬಹುಪಾಲು ಮೂಲತಃ ಒಕ್ಕಲುತನದವು. ಮನೆಯಲ್ಲಿ ಕನ್ನಡವಾಡುವವರಿರಲಿ, ಮರಾಠಿಯಾಡುವವರಿರಲಿ, ಅಜ್ಜನ ಕೈಯಲ್ಲಿ ನೇಗಿಲು ಇದ್ದುದನ್ನು ಮರೆತವರು ವಿರಳ.

ಅದೇ ಆದಿನಾಥರು ದೀಕ್ಷೆ ಪಡೆದು ವರ್ಷದಷ್ಟು ದೀರ್ಘಕಾಲ ನಿರಾಹಾರರಾಗಿ ವಿಹರಿಸಿದರು. ಮುನಿಗೆ ಆಹಾರವನ್ನು ನೀಡುವ ವಿಧಿಯನ್ನು ಅರಿಯದ ಜನರು ಆನೆಯನ್ನು ತಂದರು, ಕುದುರೆಯನ್ನು ತಂದರು, ರತ್ನಾಭರಣಗಳನ್ನು ತಂದರು. ಸ್ವಾಮಿಯು ಯಾವುದನ್ನೂ ನೋಡಲಿಲ್ಲ. ಕೊನೆಗೆ ಹಸ್ತಿನಾಪುರದಲ್ಲಿ ವೈಶಾಖ ಶುಕ್ಲ ತೃತೀಯೆಯಂದು, ಪೂರ್ವಜನ್ಮದ ಸ್ಮರಣೆಯುಂಟಾದ ಶ್ರೇಯಾಂಸಕುಮಾರನು ಕಬ್ಬಿನ ಹಾಲನ್ನು ನೀಡಿದನು. ಸ್ವಾಮಿಯು ಅಂಜಲಿಯೊಡ್ಡಿ ಅದನ್ನು ಸ್ವೀಕರಿಸಿದರು. ಅಂದಿನಿಂದ ಆ ತಿಥಿ ಅಕ್ಷಯ ತೃತೀಯೆಯಾಯಿತು. ಕಬ್ಬಿನ ನಾಡಾದ ಶಿರೋಳಿ, ಹಾತಕಣಂಗಲೆ, ಶಿರೋಳ ಸೀಮೆಯ ಶ್ರಾವಕರಿಗೆ ಈ ಕಥೆಯಲ್ಲಿ ಬೇರೆಯವರಿಗಿಲ್ಲದ ಒಂದು ಬಾಧ್ಯತೆಯಿದೆ. ಮೂರು ಲೋಕಕ್ಕೂ ಗುರುವಾದವನಿಗೆ ಕಬ್ಬಿನಿಂದ ಬೇಕಾದುದು ಒಂದು ಬೊಗಸೆ. ಅದೇ ಕಬ್ಬಿನಿಂದ ಇಂದಿನ ಮನುಷ್ಯನಿಗೆ ಎಷ್ಟು ಬೇಕು, ಆ ಬೇಡಿಕೆಯ ಭಾರವನ್ನು ಮಣ್ಣು ಎಷ್ಟು ಕಾಲ ಹೊತ್ತೀತು ಎಂಬ ಪ್ರಶ್ನೆಯನ್ನು ದಶಲಕ್ಷಣ ಪರ್ವದ ದಿನಗಳಲ್ಲಿ ಕೇಳಿಕೊಳ್ಳುವುದು ಯುಕ್ತ.

ಈ ಪ್ರಶ್ನೆಯನ್ನೇ ದೂರದೇಶದ ಇಬ್ಬರು ಚಿಂತಕರು ತಮ್ಮ ರೀತಿಯಲ್ಲಿ ಕೇಳಿದರು. ಆಸ್ಟ್ರೇಲಿಯದ ಟಾಸ್ಮೇನಿಯಾ ದ್ವೀಪದಲ್ಲಿ ಅಧ್ಯಾಪಕರಾಗಿದ್ದ ಬಿಲ್ ಮಾಲಿಸನ್ ಮತ್ತು ಆಗಿನ್ನೂ ಯುವಕರಾಗಿದ್ದ ಡೇವಿಡ್ ಹೋಮ್‌ಗ್ರೆನ್ ಇವರು 1978ರಲ್ಲಿ ಪ್ರಕಟಿಸಿದ ಗ್ರಂಥದಿಂದ ‘ಪರ್ಮಾಕಲ್ಚರ್’ ಎಂಬ ಹೆಸರು ಪ್ರಚಾರಕ್ಕೆ ಬಂದಿತು. ‘ಶಾಶ್ವತ’ ಮತ್ತು ‘ಕೃಷಿ’ ಎಂಬರ್ಥದ ಎರಡು ಇಂಗ್ಲಿಷ್ ಪದಗಳನ್ನು ಬೆಸೆದು ಈ ಹೆಸರನ್ನು ರೂಪಿಸಲಾಗಿದೆ. ಅರಣ್ಯವು ಯಾರ ಗೊಬ್ಬರವನ್ನೂ ಬೇಡದೆ, ಯಾವ ಕಸವನ್ನೂ ಉಳಿಸದೆ ಸಾವಿರಾರು ವರ್ಷ ಬಾಳುವುದಾದರೆ, ಮನುಷ್ಯನ ಹೊಲ, ಮನೆ, ಊರುಗಳನ್ನು ಅದೇ ಕ್ರಮದಲ್ಲಿ ಏಕೆ ಯೋಜಿಸಬಾರದು ಎಂಬುದು ಅದರ ತಿರುಳು. ಭೂಮಿಯ ರಕ್ಷಣೆ, ಜನರ ರಕ್ಷಣೆ, ಬಳಕೆಗೆ ಮಿತಿ ಹಾಕಿ ಮಿಕ್ಕುದನ್ನು ಹಂಚುವುದು, ಈ ಮೂರನ್ನು ಅದರ ನೀತಿಯೆಂದು ಸಾರಿದರು. 2002ರಲ್ಲಿ ಹೋಮ್‌ಗ್ರೆನ್ ಇದನ್ನು ಹನ್ನೆರಡು ಸೂತ್ರಗಳಾಗಿ ವಿಸ್ತರಿಸಿದರು. 2017ರಲ್ಲಿ ಈ ವಿಚಾರದ ಅಂತರರಾಷ್ಟ್ರೀಯ ಸಮಾವೇಶವು ನಮ್ಮ ದೇಶದ ಹೈದರಾಬಾದಿನಲ್ಲಿ ನಡೆಯಿತು. ಹನ್ನೆರಡನ್ನೂ ಇಲ್ಲಿ ಎಣಿಸುವ ಅಗತ್ಯವಿಲ್ಲ. ಮೊದಲು ಸಾವಧಾನವಾಗಿ ನೋಡು, ಆಮೇಲೆ ಕೈಹಾಕು, ಚಿಕ್ಕದಾಗಿ, ನಿಧಾನವಾಗಿ ಮಾಡು, ಅಂಚನ್ನು ಕಡೆಗಣಿಸಬೇಡ, ಫಲವನ್ನು ಪಡೆ, ಆದರೆ ನಿನ್ನನ್ನು ನೀನೇ ನಿಯಂತ್ರಿಸಿಕೋ ಎಂಬ ಆಶಯದ ಕೆಲವನ್ನು ಕೇಳಿದರೆ ಶ್ರಾವಕಾಚಾರವನ್ನು ಓದಿದವನಿಗೆ ಪರಿಚಿತವಾದ ದನಿಯೇ ಕೇಳಿಸುತ್ತದೆ.

ಮೊದಲು ನೋಡುವುದನ್ನೇ ತೆಗೆದುಕೊಳ್ಳಬಹುದು. ದಿಗಂಬರ ಮುನಿಗಳು ಈರ್ಯಾಸಮಿತಿಯಿಂದ ನಾಲ್ಕು ಮೊಳದಷ್ಟು ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡುತ್ತಾರೆ. ಮಳೆಗಾಲದ ನಾಲ್ಕು ತಿಂಗಳು ಜೀವದಯೆಯಿಂದ ಒಂದೇ ಊರಿನಲ್ಲಿ ನೆಲೆಸುತ್ತಾರೆ. ಹೊಲವನ್ನು ಅರಿಯುವುದಕ್ಕೂ ಆ ನಾಲ್ಕು ತಿಂಗಳಷ್ಟು ಪ್ರಶಸ್ತವಾದ ಕಾಲ ಬೇರೆಯಿಲ್ಲ. ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಮೂಲೆಯ ಮಣ್ಣನ್ನು ಕೊಚ್ಚಿ ಒಯ್ಯುತ್ತದೆ ಎಂಬುದನ್ನು ಮಳೆಯೇ ಬರೆದು ತೋರಿಸುತ್ತದೆ. ಪಂಚಗಂಗೆಯ ದಡದ ಶಿರೋಳಿಗೆ ಇದನ್ನು ಹೇಳಬೇಕಾದುದಿಲ್ಲ. 2019ರಲ್ಲಿಯೂ 2021ರಲ್ಲಿಯೂ ನದಿಯ ನೀರು ಹೆದ್ದಾರಿಯ ಮೇಲೆ ನಿಂತು ಪುಣೆ-ಬೆಂಗಳೂರು ಸಂಚಾರವೇ ಕಡಿದುಹೋದುದನ್ನು ಊರು ಕಂಡಿದೆ.

ಲೇಶ್ಯಾವೃಕ್ಷದ ಚಿತ್ರವನ್ನು ಅನೇಕ ಬಸದಿಗಳ ಗೋಡೆಯ ಮೇಲೆ ಬಾಲಕರೂ ನೋಡಿರುತ್ತಾರೆ. ಶ್ರವಣಬೆಳಗೊಳದ ಜೈನಮಠದ ಭಿತ್ತಿಯಲ್ಲಿಯೂ ಅದಿದೆ. ಹಣ್ಣು ತುಂಬಿದ ನೇರಳೆ ಮರ, ಹಸಿದ ಆರು ಮಂದಿ ದಾರಿಹೋಕರು. ಕೃಷ್ಣಲೇಶ್ಯೆಯವನು ಮರವನ್ನು ಬುಡಸಹಿತ ಕೀಳಲು ಬಯಸುತ್ತಾನೆ. ನೀಲಲೇಶ್ಯೆಯವನಿಗೆ ಕಾಂಡ ಕಡಿದರೆ ಸಾಕು. ಕಾಪೋತನು ದೊಡ್ಡ ಕೊಂಬೆಯನ್ನು, ಪೀತನು ಸಣ್ಣ ರೆಂಬೆಯನ್ನು ಮುರಿಯಲೆಣಿಸುತ್ತಾನೆ. ಪದ್ಮಲೇಶ್ಯೆಯವನು ಹಣ್ಣನ್ನಷ್ಟೇ ಕೊಯ್ಯುತ್ತಾನೆ. ಶುಕ್ಲಲೇಶ್ಯೆಯವನು ನೆಲಕ್ಕೆ ಬಿದ್ದ ಹಣ್ಣನ್ನು ಆರಿಸಿಕೊಳ್ಳುತ್ತಾನೆ. ಆರು ಮಂದಿಗೂ ಹಸಿವು ಒಂದೇ, ಹೊಟ್ಟೆಯ ಅಳತೆಯೂ ಒಂದೇ ಎಂಬುದನ್ನು ಚಿತ್ರವನ್ನು ನೋಡುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಮರವನ್ನು ಕಿತ್ತವನಿಗೆ ಉಳಿದವರಿಗಿಂತ ಒಂದು ಹಣ್ಣೂ ಹೆಚ್ಚು ಹಿಡಿಸುವುದಿಲ್ಲ. ಮರುವರ್ಷ ಅವನಿಗೆ ಮರವೇ ಇರುವುದಿಲ್ಲ.

ಮರುವರ್ಷದ ಮಾತು ಬಂದುದರಿಂದ ಸವಳಿನ ವಿಚಾರಕ್ಕೆ ಬರಬೇಕು. ಕನ್ನಡದಲ್ಲಿ ಸವಳು-ಜವಳು ಎಂದೂ ಮರಾಠಿಯಲ್ಲಿ ಕ್ಷಾರಪಡ ಎಂದೂ ಕರೆಯುವ ಈ ರೋಗ ಶಿರೋಳ ತಾಲೂಕಿನ ನದೀತೀರದ ಎರೆಭೂಮಿಯನ್ನು ಹಿಡಿದು ದಶಕಗಳಾದವು. ಗಡಿಯಾಚೆಯ ಅಥಣಿ, ರಾಯಬಾಗ ಸೀಮೆಯಲ್ಲಿಯೂ ಅದಿದೆ. ಒಂದು ಕಾಲದಲ್ಲಿ ಈ ಭೂಮಿಯಲ್ಲಿ ಜೋಳ, ಕಡಲೆ, ಅಗಸೆ ಬೆಳೆಯುತ್ತಿದ್ದವು. ನದಿಯ ನೀರು ಏತನೀರಾವರಿಯಿಂದ ಹೊಲಕ್ಕೆ ಬಂದಿತು; ಅದರ ಹಿಂದೆಯೇ ಕಬ್ಬು ಬಂದಿತು. ನೀರು ಬಂದುದು ತಪ್ಪಲ್ಲ. ಅನೇಕ ಮನೆಗಳು ಅದರಿಂದಲೇ ಬಡತನವನ್ನು ದಾಟಿದವು. ಮಕ್ಕಳು ಓದಿದರು, ಜಿನಮಂದಿರಗಳಿಗೆ ಜೀರ್ಣೋದ್ಧಾರವಾಯಿತು. ಆದರೆ ಹೆಚ್ಚು ನೀರು ಬಿಟ್ಟರೆ ಹೆಚ್ಚು ಕಬ್ಬು ಎಂಬ ನಂಬಿಕೆಯೂ ಅದರೊಡನೆ ಬೆಳೆಯಿತು. ಎರೆಮಣ್ಣು ಜಿಗುಟಾದುದು, ನೀರನ್ನು ಬೇಗ ಬಸಿಯಗೊಡುವುದಿಲ್ಲ. ಬಿಟ್ಟ ನೀರೆಲ್ಲ ಕೆಳಗೆ ಕೂಡಿಕೊಂಡು ಅಂತರ್ಜಲದ ಮಟ್ಟ ಬೇರಿನ ಸಮೀಪಕ್ಕೆ ಏರುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವಂತೆ ಮಣ್ಣು ಆ ನೀರನ್ನು, ಅದರಲ್ಲಿ ಕರಗಿದ ಉಪ್ಪಿನೊಡನೆ, ಮೇಲಕ್ಕೆ ಎಳೆಯುತ್ತದೆ. ಬಿಸಿಲಿಗೆ ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ಕೆಲವು ವರ್ಷಗಳಲ್ಲಿ ಹೊಲದ ಮೇಲೆ ಬಿಳಿಯ ಪದರ ಹರಡುತ್ತದೆ. ಯಾವ ಶತ್ರುವೂ ಬಂದು ಆ ಉಪ್ಪನ್ನು ಸುರಿಯಲಿಲ್ಲ. ಅದು ಅದೇ ನೆಲದಲ್ಲಿ, ಅದೇ ನೀರಿನಲ್ಲಿ ಇದ್ದುದು. ಮಿತಿಮೀರಿದ ಆಸೆ ಅದನ್ನು ಮೇಲಕ್ಕೆ ಕರೆತಂದಿತು.

ಆಸ್ರವ ತತ್ತ್ವವನ್ನು ವಿವರಿಸುವಾಗ ತೂತುಬಿದ್ದ ದೋಣಿಯ ದೃಷ್ಟಾಂತವನ್ನು ಕೊಡುವುದು ಪ್ರವಚನಗಳ ವಾಡಿಕೆ. ಈ ಸೀಮೆಯ ಒಕ್ಕಲಿಗ ಶ್ರಾವಕನಿಗೆ ದೋಣಿಗಿಂತ ಸವಳು ಹೊಲವೇ ಹತ್ತಿರದ ದೃಷ್ಟಾಂತ. ಮಿಥ್ಯಾತ್ವ, ಅವಿರತಿ, ಪ್ರಮಾದ, ಕಷಾಯ, ಯೋಗಗಳೆಂಬ ಕಾರಣಗಳಿಂದ ಜೀವಕ್ಕೆ ಕರ್ಮ ಅಂಟುತ್ತದೆ. ಮನುಷ್ಯನು ಒಂದು ದಿನದಲ್ಲಿ ಲೋಭಿಯಾಗುವುದಿಲ್ಲ; ದಿನಕ್ಕಿಷ್ಟು ಎಂದು ಒಳಗೆ ಇಂಗಿದ ಆಸೆ ಮಟ್ಟ ಏರಿಸುತ್ತ ಬಂದು, ಒಂದು ದಿನ ಮಾತಿನಲ್ಲಿ, ಮುಖದಲ್ಲಿ, ಮನೆಯವರೊಡನೆ ನಡೆದುಕೊಳ್ಳುವ ರೀತಿಯಲ್ಲಿ ಬಿಳಿಯ ಪದರವಾಗಿ ಕಾಣಿಸಿಕೊಳ್ಳುತ್ತದೆ. ಆಗ ಮೇಲಿನ ಪದರವನ್ನು ಕೆರೆದು ತೆಗೆದರೆ ಪ್ರಯೋಜನವಿಲ್ಲ.

ಹೊಲಕ್ಕೆ ಕೃಷಿಶಾಸ್ತ್ರಜ್ಞರು ಹೇಳುವ ಚಿಕಿತ್ಸೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಬರುವ ನೀರನ್ನು ಮಿತಗೊಳಿಸುವುದು: ಹನಿ ನೀರಾವರಿ, ಬೆಳೆಯ ಪರಿವರ್ತನೆ. ಎರಡನೆಯದು ಒಳಗೆ ನಿಂತುದನ್ನು ಹೊರಹಾಕುವುದು: ಹೊಲದಡಿಯಲ್ಲಿ ಕೆಲವು ಅಡಿ ಆಳಕ್ಕೆ ರಂಧ್ರಗಳುಳ್ಳ ಕೊಳವೆಗಳನ್ನು ಹೂಳಿ, ಉಪ್ಪುನೀರನ್ನು ಬಸಿದು ಹಳ್ಳಕ್ಕೆ ಒಯ್ಯುವುದು; ಜಿಪ್ಸಂ ಹಾಕುವುದು, ಸೆಣಬಿನಂಥ ಹಸಿರುಗೊಬ್ಬರವನ್ನು ಬೆಳೆದು ಮಣ್ಣಿಗೆ ಸೇರಿಸುವುದು. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮಾಡಿದರೆ ಕೊಳವೆಗೆ ಸುರಿದ ಹಣ ವ್ಯರ್ಥ. ಜಿನಾಗಮದ ಭಾಷೆಯಲ್ಲಿ ಮೊದಲನೆಯದು ಸಂವರ, ಎರಡನೆಯದು ನಿರ್ಜರೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸಂವರದ ಸಾಧನಗಳನ್ನು ಹೇಳುವಾಗ ಗುಪ್ತಿ, ಸಮಿತಿಗಳೊಡನೆ ದಶಧರ್ಮಗಳನ್ನೂ ಸೇರಿಸಲಾಗಿದೆ. ಆದುದರಿಂದ ಉತ್ತಮ ಕ್ಷಮೆಯಿಂದ ಉತ್ತಮ ಬ್ರಹ್ಮಚರ್ಯದವರೆಗಿನ ಈ ಹತ್ತು ದಿನಗಳ ಆರಾಧನೆ ಒಳಬರುವ ಕಾಲುವೆಯ ಬಾಗಿಲನ್ನು ಇಳಿಸುವ ಕೆಲಸವೇ ಆಗಿದೆ. ಹತ್ತು ದಿನ ಏಕಾಶನ ಮಾಡಿ ಹನ್ನೊಂದನೆಯ ದಿನ ಬಾಗಿಲನ್ನು ಪೂರ್ಣವಾಗಿ ತೆರೆಯುವವರೂ ಉಂಟೆಂಬುದನ್ನು ಇಲ್ಲಿ ವಿಸ್ತರಿಸುವುದು ಬೇಡ.

ಸವಳು ಚಿಕಿತ್ಸೆಯಲ್ಲಿ ಇನ್ನೊಂದು ಸಂಗತಿಯಿದೆ. ಒಬ್ಬನ ಹೊಲದ ಉಪ್ಪುನೀರು ಹಳ್ಳ ಸೇರಬೇಕಾದರೆ ನೆರೆಯವನ ಹೊಲವನ್ನು ಹಾಯ್ದೇ ಹೋಗಬೇಕು. ನೆರೆಯವನು ಒಪ್ಪದಿದ್ದರೆ ಇಬ್ಬರ ಭೂಮಿಯೂ ಕೆಡುತ್ತದೆ. ಶಿರೋಳದ ದತ್ತ ಸಹಕಾರಿ ಸಕ್ಕರೆ ಕಾರ್ಖಾನೆಯ ಪರಿಸರದಲ್ಲಿ ರೈತರು ಗುಂಪಾಗಿ ಸೇರಿ ಇಂತಹ ಬಸಿಗಾಲುವೆಗಳನ್ನು ಮಾಡಿಕೊಂಡು ಬೀಳುಬಿದ್ದ ಭೂಮಿಯಲ್ಲಿ ಮರಳಿ ಬೆಳೆ ತೆಗೆದಿದ್ದಾರೆ. ಒಬ್ಬೊಬ್ಬನೇ ಮಾಡಲಾಗದುದು ಕೂಡಿ ಮಾಡಿದಾಗ ಸಾಧ್ಯವಾಯಿತು. ಜೀವಗಳು ಒಂದಕ್ಕೊಂದು ಉಪಕಾರ ಮಾಡುವುದನ್ನು ಹೇಳುವ ತತ್ತ್ವಾರ್ಥಸೂತ್ರದ ಪ್ರಸಿದ್ಧ ವಚನವನ್ನು ವಿವರಿಸುತ್ತ ಪೂಜ್ಯಪಾದಾಚಾರ್ಯರು ಒಡೆಯ-ಸೇವಕರ ಮತ್ತು ಗುರು-ಶಿಷ್ಯರ ಉದಾಹರಣೆಗಳನ್ನು ಕೊಟ್ಟಿದ್ದಾರೆ. ನೆರೆಹೊಲದವರು ಮೂರನೆಯ ಉದಾಹರಣೆಯಾಗಬಲ್ಲರು.

ಒಡೆಯ-ಸೇವಕರ ಉದಾಹರಣೆಯೂ ಈ ಸೀಮೆಯಲ್ಲಿ ಬಿಸಿಯಾಗಿಯೇ ಇದೆ. ಪ್ರತಿವರ್ಷ ದೀಪಾವಳಿಯ ಹೊತ್ತಿಗೆ ಬೀಡ ಮೊದಲಾದ ಮರಾಠವಾಡದ ಜಿಲ್ಲೆಗಳಿಂದ ಕಬ್ಬು ಕಡಿಯುವ ಟೋಳಿಗಳು ಬರುತ್ತವೆ. ಗಂಡ-ಹೆಂಡತಿ ಇಬ್ಬರನ್ನೂ ಕೂಡಿಸಿ ಲೆಕ್ಕದಲ್ಲಿ ಒಂದು ‘ಕೊಯತಾ’ ಎನ್ನುತ್ತಾರೆ. ಮನುಷ್ಯರನ್ನು ಅವರ ಕೈಯ ಆಯುಧದ ಹೆಸರಿನಿಂದ ಎಣಿಸುವ ಈ ರೂಢಿ ಅಹಿಂಸಾಧರ್ಮದವರ ಹೊಲದಲ್ಲಿಯೂ ಕಿವಿಗೆ ಸಹಜವೆನಿಸಿಬಿಟ್ಟಿದೆ. ಪರ್ಮಾಕಲ್ಚರ್ ಜನರ ರಕ್ಷಣೆಯನ್ನು ಭೂಮಿಯ ರಕ್ಷಣೆಯ ಪಕ್ಕದಲ್ಲಿಯೇ ಇರಿಸಿದೆ. ಆ ಗುಡಿಸಲುಗಳ ಮಕ್ಕಳಿಗೆ ಕುಡಿಯುವ ಶುದ್ಧ ನೀರು, ರಾತ್ರಿಗೆ ಒಂದು ದೀಪ, ಹೆಂಗಸರಿಗೆ ಮರೆಯ ಸ್ಥಳ ಒದಗಿಸುವುದು ಅತಿಥಿಸಂವಿಭಾಗ ವ್ರತದ ವ್ಯಾಪ್ತಿಗೆ ಬರುವುದೋ ಇಲ್ಲವೋ ಎಂದು ಶಾಸ್ತ್ರಾರ್ಥ ಮಾಡುವವರು ಮಾಡಲಿ. ದಯೆಯ ವ್ಯಾಪ್ತಿಗಂತೂ ಬರುತ್ತದೆ.

ಇನ್ನು ರವದಿ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ಕನ್ನಡದಲ್ಲಿ ರವದಿ, ಮರಾಠಿಯಲ್ಲಿ ಪಾಚಟ. ಎಕರೆಗೆ ಮೂರು-ನಾಲ್ಕು ಟನ್ನಿನಷ್ಟು ಉಳಿಯುವ ಇದಕ್ಕೆ ಒಂದು ಸಂಜೆ ಬೆಂಕಿ ಹಚ್ಚಿದರೆ ಕೂಳೆ ಕಬ್ಬಿನ ಕೆಲಸ ಸುಲಭವೆಂದು ಅನೇಕರ ಎಣಿಕೆ. ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿ ಎಂಬುದೊಂದಿದೆ: ಪ್ರಯೋಜನವಿಲ್ಲದ ಹಿಂಸೆಯನ್ನು ತ್ಯಜಿಸುವುದು. ಅದರ ಪ್ರಭೇದಗಳಲ್ಲಿ ಪ್ರಮಾದಚರ್ಯೆಯನ್ನು ವಿವರಿಸುತ್ತ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಕಾರಣವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಸಸ್ಯವನ್ನು ಕಡಿಯುವುದು ಮೊದಲಾದುವನ್ನು ಎಣಿಸುತ್ತದೆ. ಶತಮಾನಗಳ ಹಿಂದೆ ಬರೆದ ಆ ಪಟ್ಟಿ ರವದಿಯ ಬೆಂಕಿಯನ್ನು ನೋಡಿಯೇ ಬರೆದಂತಿದೆ. ಆ ಒಂದು ಸಂಜೆಯಲ್ಲಿ ಹಲ್ಲಿ, ಇರುವೆ, ಜೇಡ, ಕೀಟಗಳು, ನೆಲಕ್ಕೆ ಗೂಡುಕಟ್ಟಿದ ಹಕ್ಕಿಯ ಮರಿಗಳು ಎಷ್ಟು ಬೇಯುತ್ತವೆಂದು ಯಾರೂ ಎಣಿಸಿಲ್ಲ. ಅದೇ ಮನೆಯಲ್ಲಿ ಸೂರ್ಯಾಸ್ತದ ನಂತರ ಊಟವಿಲ್ಲ, ಕಂದಮೂಲವಿಲ್ಲ. ಈ ವಿರೋಧವನ್ನು ಧರ್ಮಶ್ರದ್ಧೆಯುಳ್ಳ ಮನೆಗಳೇ ಮೊದಲು ನೋಡಬೇಕು. ಸಾಲಿನ ನಡುವೆ ಹಾಸಿದ ರವದಿ ನೆಲದ ತೇವವನ್ನು ಕಾಯುತ್ತದೆ, ಕಳೆಯನ್ನು ತಡೆಯುತ್ತದೆ, ಕೊಳೆತು ಮಣ್ಣಿಗೆ ಗೊಬ್ಬರವಾಗುತ್ತದೆ. ನೀರಿನ ಸರದಿಗಳೂ ಕಡಿಮೆಯಾಗುತ್ತವೆ. ಹೊದಿಕೆಯ ಕೆಳಗೆ ಹೊಸ ಜೀವಿಗಳು ಹುಟ್ಟುವುವಲ್ಲ, ಅದೂ ದೋಷವಲ್ಲವೇ ಎಂದು ಕೆಲವರು ಕೇಳುವುದುಂಟು. ಹುಟ್ಟುವುದು ಆ ಜೀವಗಳ ಕರ್ಮೋದಯ. ಬೆಂಕಿಯಿಡುವುದು ಶ್ರಾವಕನ ಕೈಯ ಕೃತ್ಯ. ಉದ್ಯೋಗೀ ಹಿಂಸೆ ಗೃಹಸ್ಥನಿಗೆ ಪೂರ್ಣವಾಗಿ ತಪ್ಪುವುದಿಲ್ಲ. ಆದರೆ ತಪ್ಪಿಸಬಹುದಾದುದನ್ನು ತಪ್ಪಿಸದಿರುವುದಕ್ಕೆ ಅದು ನೆಪವಾಗದು.

ಹೊಲವಿಲ್ಲದ ಮನೆಗಳೂ ಈಗ ಬಹಳ. ಶಿರೋಳಿಯ ಔದ್ಯೋಗಿಕ ವಸಾಹತಿನ ಎರಕದ ಕಾರ್ಖಾನೆಗಳಲ್ಲಿ, ಇಚಲಕರಂಜಿಯ ಮಗ್ಗಗಳಲ್ಲಿ, ಗಡಹಿಂಗ್ಲಜದ ಪೇಟೆಯಲ್ಲಿ ದುಡಿಯುವವರಿಗೆ ಬೇರೊಂದು ಆಚಾರವನ್ನು ನೆನಪಿಸಬೇಕು. ಹಿರಿಯರು ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿದ ಮೇಲೆ ಕೆಲಸ ಮುಗಿಯಿತೆಂದು ಭಾವಿಸುತ್ತಿರಲಿಲ್ಲ. ಬಟ್ಟೆಯ ಮೇಲುಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಅದೇ ಬಾವಿಗೆ ಮೆಲ್ಲನೆ ಇಳಿಬಿಡುತ್ತಿದ್ದರು. ಒಂದು ಬಾವಿಯದನ್ನು ಮತ್ತೊಂದಕ್ಕೆ ಹಾಕುವಂತಿರಲಿಲ್ಲ, ಬಚ್ಚಲಿಗೆ ಚೆಲ್ಲುವಂತೆಯೂ ಇರಲಿಲ್ಲ. ಎಲ್ಲಿಂದ ಬಂದಿತೋ ಅಲ್ಲಿಗೆ, ಬದುಕಿರುವಂತೆಯೇ ಹಿಂದಿರುಗಿಸುವ ಈ ಜವಾಬ್ದಾರಿಯನ್ನು ನಳದ ನೀರು ಬಂದ ಮೇಲೆ ಜನ ಮರೆತರು. ಕಾರ್ಖಾನೆಗಳ ಮತ್ತು ಊರುಗಳ ಕೊಳಚೆ ಪಂಚಗಂಗೆಗೆ ಸೇರುವುದು ಈಗ ಗುಟ್ಟಲ್ಲ. 2012ರಲ್ಲಿ ಇಚಲಕರಂಜಿಯಲ್ಲಿ ಕಲುಷಿತ ನೀರಿನಿಂದ ಕಾಮಾಲೆ ಹರಡಿ ಪ್ರಾಣಹಾನಿಯಾಯಿತು. ನೀರನ್ನು ಪಡೆದು ಉದ್ಯಮ ಮಾಡುವ ಶ್ರಾವಕನು ಅದನ್ನು ಯಾವ ಸ್ಥಿತಿಯಲ್ಲಿ ಹಿಂದಿರುಗಿಸುತ್ತಾನೆ ಎಂಬುದೂ ಜಲಗಾಲನದ ಆಚಾರಕ್ಕೇ ಸೇರಿದ ಪ್ರಶ್ನೆ. ಅಡಿಗೆಮನೆಯ ಸಿಪ್ಪೆ, ತೊಟ್ಟುಗಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬೀದಿ ಸೇರುವುದಕ್ಕೆ ಬದಲು ಹಿತ್ತಲಿನ ಗಿಡದ ಬುಡ ಸೇರುವುದೂ ಹಾಗೆಯೇ.

ದೊಡ್ಡ ಕಾರ್ಯಗಳೂ ಇಂತಹ ಮಿತವಾದ ಆರಂಭದಿಂದಲೇ ಬೆಳೆದುದಕ್ಕೆ ಇದೇ ಮಣ್ಣಿನ ಸಾಕ್ಷಿಯಿದೆ. 1887ರಲ್ಲಿ ಕುಂಭೋಜದ ಜೈನ ಮನೆತನದಲ್ಲಿ ಜನಿಸಿದ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿ, ವಿದ್ಯಾರ್ಥಿಗಳು ದುಡಿದು ಕಲಿಯುವ ಪದ್ಧತಿಯನ್ನು ಬೆಳೆಸಿದರು. ಜಾತಿಭೇದವಿಲ್ಲದೆ ಮಕ್ಕಳು ಒಟ್ಟಿಗೆ ಉಂಡು ಓದಿದರು. ಆ ಸಂಸ್ಥೆಯ ಲಾಂಛನ ಆಲದ ಮರ. ಬಿಳಲು ಬಿಟ್ಟಲ್ಲೆಲ್ಲ ಬೇರು.

ಆದರೂ ಎಚ್ಚರಿಕೆಯ ಒಂದು ಮಾತು ಅವಶ್ಯ. ಪರ್ಮಾಕಲ್ಚರ್ ಜಿನಧರ್ಮವಲ್ಲ. ಅದರಲ್ಲಿ ಕೋಳಿ, ಮೀನು ಮುಂತಾದುವನ್ನು ಸಾಕಿ ಆಹಾರವಾಗಿಸುವುದು ನಿಷಿದ್ಧವಲ್ಲ. ಅದರ ಗುರಿ ಈ ಲೋಕದ ಸುಸ್ಥಿತಿ. ಜಿನಧರ್ಮದ ಗುರಿ ಮೋಕ್ಷ. ಅನೇಕಾಂತವನ್ನು ನೆಪಮಾಡಿಕೊಂಡು ಎರಡೂ ಒಂದೇ ಎನ್ನುವುದು ಅನೇಕಾಂತಕ್ಕೆ ಮಾಡಿದ ಅಪಚಾರ. ‘ಶಾಶ್ವತ’ ಎಂಬ ಹೆಸರನ್ನೂ ಶ್ರಾವಕನು ಅರಿತೇ ಬಳಸಬೇಕು. ದ್ರವ್ಯವು ಧ್ರುವ, ಪರ್ಯಾಯಗಳು ಹುಟ್ಟಿ ಅಳಿಯುವಂಥವು. ಹೊಲವೂ ಒಂದು ಪರ್ಯಾಯವೇ. ಆದರೆ ತನ್ನ ಪಾಲಿಗೆ ಬಂದ ಪರ್ಯಾಯವನ್ನು ಕೆಡಿಸಿ ಮುಂದಿನವರಿಗೆ ಕೊಡುವ ಹಕ್ಕು ಯಾರಿಗೂ ಇಲ್ಲ.

ಕೊನೆಯದಾಗಿ ಬದು. ಪರ್ಮಾಕಲ್ಚರ್‌ನವರು ಅಂಚಿಗೆ ವಿಶೇಷ ಬೆಲೆ ಕೊಡುತ್ತಾರೆ, ಏಕೆಂದರೆ ನೀರು ನೆಲ ಕೂಡುವಲ್ಲಿ, ಕಾಡು ಬಯಲು ಕೂಡುವಲ್ಲಿ ಜೀವಜಾಲ ದಟ್ಟವಾಗಿರುತ್ತದೆ. ಈ ಸೀಮೆಯ ಹೊಲಗಳ ಅಂಚು ಬದು. ಬೇವು, ಹುಣಸೆ, ಕರಕಿ, ಹಕ್ಕಿಯ ಗೂಡು, ಇರುವೆಯ ಹುತ್ತ, ದಣಿದವನಿಗೆ ನೆರಳು ಎಲ್ಲವೂ ಅಲ್ಲಿಯೇ. ಮಳೆಯ ನೀರನ್ನು ತಡೆದು ಮಣ್ಣನ್ನು ಉಳಿಸುವುದೂ ಅದೇ. ವರ್ಷಕ್ಕೊಂದು ಗೇಣಿನಂತೆ ಬದುವನ್ನು ಕೊರೆದು ಹೊಲಕ್ಕೆ ಸೇರಿಸಿಕೊಳ್ಳುವುದು ಮರಾಠಿ-ಕನ್ನಡವೆನ್ನದೆ ಎಲ್ಲ ಊರುಗಳಲ್ಲಿ ಕಾಣುವ ಚಾಳಿ. ದಾಯಾದಿಗಳ ನಡುವಿನ ವ್ಯಾಜ್ಯಗಳಲ್ಲಿ ಎಷ್ಟೋ ಅಲ್ಲಿಂದಲೇ ಹುಟ್ಟಿವೆ. ಗೇಣು ನೆಲದಲ್ಲಿ ಬೆಳೆವ ಕಬ್ಬಿಗಿಂತ ನ್ಯಾಯಾಲಯಕ್ಕೆ ಹೋಗಿಬರುವ ಬಸ್ಸಿನ ಖರ್ಚೇ ಹೆಚ್ಚಾದ ಮನೆಗಳನ್ನು ಎಲ್ಲರೂ ಬಲ್ಲರು. ಪರಿಗ್ರಹಪರಿಮಾಣ ವ್ರತದಲ್ಲಿ ಮಿತಿಗೊಳಿಸಬೇಕಾದ ವಸ್ತುಗಳ ಸಾಲಿನಲ್ಲಿ ಮೊದಲು ಬರುವುದು ಕ್ಷೇತ್ರ, ಎಂದರೆ ಹೊಲ. ದಿಗ್ವ್ರತವನ್ನು ಸ್ವೀಕರಿಸುವಾಗ ನದಿ, ಅಡವಿ, ಪರ್ವತಗಳಂತಹ ಪ್ರಸಿದ್ಧ ಗುರುತುಗಳನ್ನು ಎಲ್ಲೆಯಾಗಿ ಇಟ್ಟುಕೊಳ್ಳಬೇಕೆಂದು ಆಚಾರ್ಯರು ವಿಧಿಸಿದ್ದಾರೆ. ಎಲ್ಲರಿಗೂ ಕಾಣುವ ಗುರುತು ಇದ್ದಾಗ ಮನಸ್ಸು ಎಲ್ಲೆಯನ್ನು ಸರಿಸಲು ನಾಚುತ್ತದೆ. ಒಕ್ಕಲಿಗನಿಗೆ ದಿನವೂ ಕಾಣುವ ಗುರುತು ಬದುವೇ.

ಕಾಲಮಿತಿಯುಳ್ಳ ತ್ಯಾಗಕ್ಕೆ ನಿಯಮವೆಂದೂ ಜೀವನಪರ್ಯಂತದ ತ್ಯಾಗಕ್ಕೆ ಯಮವೆಂದೂ ಹೆಸರು. ಒಮ್ಮೆಗೇ ಯಮಕ್ಕೆ ಕೈಹಾಕಿ ಮುರಿಯುವುದಕ್ಕಿಂತ ಚಿಕ್ಕ ನಿಯಮವನ್ನು ಹಿಡಿದು ನಡೆಸುವುದು ಗೃಹಸ್ಥನಿಗೆ ಕ್ಷೇಮಕರ. ಅನಂತ ಚತುರ್ದಶಿಯಂದು ಜಿನಬಿಂಬದ ಮುಂದೆ ಮುಂದಿನ ಭಾದ್ರಪದದವರೆಗೆ ಒಂದು ವರ್ಷದ ನಿಯಮವನ್ನು ಸ್ವೀಕರಿಸಬಹುದು: ಈ ಸಾರಿ ರವದಿಗೆ ಬೆಂಕಿಯಿಲ್ಲ, ಅಥವಾ ಕಬ್ಬಿಗೆ ಬಿಟ್ಟ ನೀರಿನ ಸರದಿಗಳನ್ನು ಪುಸ್ತಕದಲ್ಲಿ ಬರೆದಿಡುವುದು, ಅಥವಾ ಬದುವಿನಿಂದ ಒಂದು ನೇಗಿಲ ಸಾಲಿನಷ್ಟು ನೆಲವನ್ನು ಉಳದೆ ಬಿಡುವುದು. ಪಟ್ಟಣದ ಮನೆಯ ಶ್ರಾವಿಕೆಯು ಅಡಿಗೆಮನೆಯ ಕಸವನ್ನು ಹೊರಗೆ ಎಸೆಯದಿರುವ ನಿಯಮವನ್ನು ಹಿಡಿಯಬಹುದು. ಇವುಗಳಲ್ಲಿ ಒಂದು ಸಾಕು. ಪರ್ವದ ಮುಕ್ತಾಯಕ್ಕೆ ಕ್ಷಮಾವಾಣಿಯ ದಿನವಿದೆ. ಅಂದು ಬಂಧುಮಿತ್ರರ ಮನೆಗಳಿಗೆ ಹೋಗುವ ಮೊದಲು, ಬದುವಿನ ವ್ಯಾಜ್ಯವಿರುವವರು ಬದುವಿನ ಆಚೆಯವನ ಮನೆಗೆ ಹೋಗಲಿ. ಸಾಧ್ಯವಾದರೆ ಅವನನ್ನೂ ಕರೆದುಕೊಂಡು ಹೊಲಕ್ಕೆ ನಡೆದು, ಹಳೆಯ ಗುರುತಿನ ಕಲ್ಲು ಎಲ್ಲಿತ್ತೆಂದು ಇಬ್ಬರೂ ಕೂಡಿ ಹುಡುಕಲಿ.